ವಿಲಾಯತಿ ಅಕ್ಕೋರ ಉಚ್ಚಾರ ಪರೀಕ್ಷೆ

ಕಳೆದ ಶ್ರಾವಣದ ಒಂದು ಸಂಜೆ, ಹುಬ್ಬಳ್ಳಿಯ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ಎರಡು ತಾಸು ತಡವೆಂದು ಗುಡಗೇರಿ ನಿಲ್ದಾಣದಲ್ಲಿ ತಿಳಿದುಬಂದಿತು. ಕಲ್ಲುಬೆಂಚಿನ ಮೇಲೆ ನನ್ನ ಬದಿಯಲ್ಲಿ ಕುಳಿತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಕಾಳಿನ ವ್ಯಾಪಾರಿ. ಹೊತ್ತು ಕಳೆಯಲೆಂದು ಅವನು ಕೇಳಿದನು: "ಗುರುಗಳ, ನಮ್ಮ ಸಾಲ್ಯಾಗ ಇಂಗ್ಲಿಷ್ ಕಲಸಾಕ ಬಂದಿದ್ದ ವಿಲಾಯತಿ ಅಕ್ಕೋರು ಮೂರ ತಿಂಗಳಿಗೆ ಯಾಕ ಹೋಗಿಬಿಟ್ರು?"

ಪರರ ನಾಲಿಗೆಯನ್ನು ತಿದ್ದಲು ಹೊರಟವನಿಗೆ ನಗೆಗೀಡಾಗುವ ಪ್ರಸಂಗಗಳು ಎಂದೂ ಕಡಿಮೆಯಾಗುವುದಿಲ್ಲ. ನನ್ನ ಪಾಲಿನವು ಬಹುತೇಕ ಆ ಮೂರು ತಿಂಗಳಲ್ಲಿಯೇ ಒದಗಿಬಂದವು. ಗಾಡಿ ಬರುವವರೆಗೆ ಅವನಿಗೆ ಹೇಳಿದುದನ್ನೇ ಇಲ್ಲಿ ಬರೆದಿದ್ದೇನೆ. ಅವನು ಕೇಳಿ ಬಹಳ ನಕ್ಕನು. ನಾನು ಸಿಗ್ನಲ್ಲಿನ ಕಡೆಗೆ ನೋಡುತ್ತಿದ್ದೆನು.

೧. ಸ್ವಾಗತ

ನಮ್ಮ ಪ್ರೌಢಶಾಲೆಯ ಅಧ್ಯಕ್ಷರು ಅರಳೆಯ ವರ್ತಕರು. ಪ್ರತಿದಿನ ಬೆಳಿಗ್ಗೆ ರೇಡಿಯೋದಲ್ಲಿ ವಿಲಾಯತಿ ಇಂಗ್ಲಿಷ್ ವಾರ್ತೆಯನ್ನು ಕೇಳುತ್ತಿದ್ದರು. ಅರ್ಥವಾಗುತ್ತದೆಯೇ ಎಂದು ಒಮ್ಮೆ ನಾನು ಕೇಳಿದಾಗ, "ತಿಳಿಯಾಕಲ್ರಿ, ಕಿವಿಗೆ ಛಲೋ ಅಂತ" ಎಂದಿದ್ದರು. ಹುಬ್ಬಳ್ಳಿಯ ಶಾಲೆಯೊಂದಕ್ಕೆ ಪರದೇಶದ ಶಿಕ್ಷಕಿ ಬಂದಳೆಂಬ ಸುದ್ದಿ ಹಬ್ಬಿದಾಗ ಅವರಿಗೆ ನಿದ್ರೆ ಹತ್ತಲಿಲ್ಲ. ಯಾವುದೋ ಸೇವಾಸಂಸ್ಥೆಗೆ ಬರೆದು ನಮಗೂ ಒಬ್ಬರನ್ನು ತರಿಸಿದರು. ಸಂಸ್ಥೆಯ ಕಟ್ಟಳೆಯೊಂದಿದ್ದಿತು: ಮೂರು ತಿಂಗಳ ತರುವಾಯ ಶಾಲೆಯವರು ಬರೆದು ಒಪ್ಪಿದರೆ ಶಿಕ್ಷಕಿಯು ವರ್ಷಪೂರ್ತಿ ಇರಬಹುದು, ಒಪ್ಪದಿದ್ದರೆ ಮರಳಬೇಕು.

ಬಂದವರು ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಬ್ಬ ತರುಣಿ, ಕುರಿ ಸಾಕುವ ಮನೆತನದವರು. ಸ್ವಾಗತಸಭೆಯಲ್ಲಿ ಅವರು ಐದು ನಿಮಿಷ ಭಾಷಣ ಮಾಡಿದರು. ಅಧ್ಯಕ್ಷರು ಮುಖ ಕಿರಿದು ಮಾಡಿಕೊಂಡು ನಮ್ಮ ಇಂಗ್ಲಿಷ್ ಮಾಸ್ತರರ ಕಡೆಗೆ ಬಾಗಿ, "ಏನಂದ್ರು?" ಎಂದರು.

ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಉತ್ತರಿಸಿದರು: "ಅವರಿನ್ನೂ ಇಂಗ್ಲಿಷ್ ಶುರು ಮಾಡಿಲ್ಲಂತ ಕಾಣ್ತೈತ್ರಿ."

೨. ಪರೀಕ್ಷಕನ ನೇಮಕ

ವಾರವೊಂದು ಕಳೆಯಿತು. ಇಂಗ್ಲಿಷ್ ಶುರುವಾಗುವ ಲಕ್ಷಣ ಕಾಣದೆ ಅಧ್ಯಕ್ಷರು ಶಾಲೆಯ ಕನ್ನಡ ಪಂಡಿತನಾದ ನನ್ನನ್ನು ಕರೆಸಿದರು.

"ಪಂಡಿತರ, ರೇಡಿಯೋದವರು ರಕಾರ ನುಂಗಿಬಿಡ್ತಾರ. ಈಕಿ ನಮ್ಮಂಗ ಗಟ್ಟಿಯಾಗಿ ರ ಅಂತಾಳ. ನಮ್ಮಂಗ ಅನ್ನಾಕ ನಾವ ಅದೀವಲ್ರಿ. ಇವರನ್ಯಾಕ ಇಟ್ಕೋಬೇಕು? ಮೂರ ತಿಂಗಳಾದ ಮ್ಯಾಲೆ ಬೇಕೋ ಬ್ಯಾಡೋ ಅಂತ ನೀವ ಬರದ ಕೊಡ್ರಿ."

ನನಗೆ ಇಂಗ್ಲಿಷ್ ಬಾರದೆಂದು ನಾನು ವಿನಯದಿಂದಲೇ ಹೇಳಿದೆನು.

"ಉಚ್ಚಾರ ಅಂದ್ರ ನೀವ. ಯಾವ ಭಾಷಾ ಆದ್ರೇನು, ನಾಲಿಗಿ ಒಂದ ಅಲ್ರಿ?"

ಈ ಮಾತಿಗೆ ನಾನು ಮರುಳಾದೆನು. ಕಂಠ, ತಾಲು, ದಂತಗಳೆಂಬ ಅಕ್ಷರಸ್ಥಾನಗಳನ್ನು ಮೂವತ್ತು ವರ್ಷ ಬೋಧಿಸಿದವನಿಗೆ ಎದುರಿರುವ ಬಾಯಿ ಯಾವ ದೇಶದ್ದಾದರೇನೆಂಬ ಗರ್ವ ಒಳಗಿದ್ದಿತು. ಮರುದಿನವೇ ಆಕೆಯ ತರಗತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ತುಟಿಗಳ ಚಲನೆಯನ್ನು ಗುರುತು ಮಾಡಿಕೊಂಡೆನು. ಅರ್ಥವು ತಿಳಿಯದುದರಿಂದ ನನ್ನ ಏಕಾಗ್ರತೆಗೆ ಭಂಗ ಬರಲಿಲ್ಲ. ಪಾಠ ಮುಗಿದ ಮೇಲೆ ಕಖಗಘ ಹೇಳಿಸಿದೆನು. ಆಕೆ ಕೈಕಟ್ಟಿ ನಿಂತು ಹೇಳಿದರು.

ನಾನು ನೂರಕ್ಕೆ ಮೂವತ್ತೈದು ಅಂಕಗಳನ್ನು ಕೊಟ್ಟೆನು. ಮೆಟ್ರಿಕ್ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ನನಗೆ ಬಂದಿದ್ದವೂ ಅಷ್ಟೇ. ಅದಕ್ಕಿಂತ ಹೆಚ್ಚು ಕೊಡುವ ಅಧಿಕಾರ ನನಗಿಲ್ಲವೆಂದು ಭಾವಿಸಿದ್ದೆನು.

೩. ಸಂತೆ

ಆಕೆಗೆ ಬಿಡಾರ ದೊರೆತದ್ದು ನೇಕಾರರ ಮುಸ್ಲಿಂ ಕುಟುಂಬವೊಂದರ ಮನೆಯಲ್ಲಿ. ಮನೆಯ ಒಡತಿಯನ್ನು ಊರೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದಿತು. ಒಂದು ಸಂತೆಯ ದಿನ, ಅಕ್ಕೋರು ಮಾರಾಟಕ್ಕಿಟ್ಟ ಟಗರಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದಾರೆಂಬ ವಾರ್ತೆ ಅಧ್ಯಕ್ಷರಿಗೆ ಮುಟ್ಟಿತು. ಶಾಲೆಯ ಮಾನ ಉಳಿಸಲು ನನ್ನನ್ನು ಅಟ್ಟಿದರು.

ನಾನು ಹೋಗುವಷ್ಟರಲ್ಲಿ ಟಗರಿನ ವಯಸ್ಸು ನಿರ್ಣಯವಾಗಿ, ಸುತ್ತಲಿನವರು ತಲೆದೂಗುತ್ತಿದ್ದರು. ಆಕೆ ತಮ್ಮೂರಿನ ಇಂಗ್ಲಿಷಿನಲ್ಲಿಯೇ ಹೇಳಿದ್ದರು. ಟಗರಿನ ಒಡೆಯನಿಗೆ ಎಲ್ಲವೂ ತಿಳಿದಿದ್ದಿತು. ಉಪಾಧ್ಯಾಯರಿಗೆ ಇದು ಭೂಷಣವಲ್ಲವೆಂದು ನಾನು ಖಾಲಾಳಿಗೆ ಹೇಳಿದೆನು.

ಖಾಲಾ ಬುಟ್ಟಿಯನ್ನು ಸೊಂಟದಿಂದ ಇಳಿಸಿದಳು. "ಮಾಸ್ತರ, ನಾವು ಮನ್ಯಾಗ ಉರ್ದು ಮಾತಾಡ್ತೀವಿ, ಹೊರಗ ಕನ್ನಡ. ಆಕಿಗೆ ಎರಡೂ ಬರಾಕತ್ತಾವು. ಇಂಗ್ಲಿಷ್ ಒಂದ ಬರೂದಿಲ್ಲಂತ ನೀವು ಹೇಳಾಕತ್ತೀರಿ."

ಸಂತೆ ನಕ್ಕಿತು. ಖಾಲಾ ಕಲಿಸುವುದನ್ನು ನಾನು ಕನ್ನಡವೆಂದು ಎಣಿಸಿರಲಿಲ್ಲವಾದ್ದರಿಂದ ಆ ಮಾತನ್ನು ಅಲ್ಲಿಯೇ ಮರೆತೆನು. ಮುಂದೆ ಅದಕ್ಕೆ ದಂಡ ತೆತ್ತೆನು.

೪. ಹಿಂದಿನ ಬೆಂಚು

ಎರಡನೆಯ ತಿಂಗಳಲ್ಲಿ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಮಕ್ಕಳು ಅಕ್ಕೋರ ಧಾಟಿಯಲ್ಲಿಯೇ ಏರಿಳಿಸಿ ಪಾಠ ಓದಿದರು. ಅಧಿಕಾರಿಗಳು ಕನ್ನಡಕ ತೆಗೆದು, "ಇದು ಯಾವೂರ ಇಂಗ್ಲಿಷ್?" ಎಂದರು.

ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರ ಊರಿಂದ್ರಿ" ಎಂದಳು.

"ಪರೀಕ್ಷಾ ಬರಿಯೂದು ಧಾರವಾಡ ಜಿಲ್ಲಾದಾಗ" ಎಂದ ಅಧಿಕಾರಿಗಳು, ಅಕ್ಕೋರು ಕೆಲವು ದಿನ ನಮ್ಮ ಇಂಗ್ಲಿಷ್ ಮಾಸ್ತರರ ತರಗತಿಯಲ್ಲಿ ಕುಳಿತು ಉಚ್ಚಾರ ಸರಿಪಡಿಸಿಕೊಳ್ಳಲೆಂದು ಸೂಚಿಸಿದರು. ನಾನು ಅನುಮೋದಿಸಿದೆನು.

ಆಕೆ ಒಂದು ನೋಟುಬುಕ್ಕು ಹಿಡಿದು ಹಿಂದಿನ ಬೆಂಚಿನಲ್ಲಿ ಹುಡುಗಿಯರ ನಡುವೆ ಕುಳಿತರು. ಮಾಸ್ತರರು ಮಾತ್ರ ಆ ಸಂಜೆ ನಮ್ಮ ಮನೆಗೆ ಓಡಿಬಂದರು: "ಪಂಡಿತರ, ಆಕಿ ಎದುರಿಗೆ ಕುಂತ್ರ ಬರೂ ಇಂಗ್ಲಿಷೂ ಬಾಯಿಗೆ ಬರವಲ್ದು."

ಆ ವಾರವೆಲ್ಲ ಇಂಗ್ಲಿಷಿನ ತಾಸಿನಲ್ಲಿ ಅವರು ಚಿತ್ರಕಲೆಯನ್ನು ಕಲಿಸಿದರು.

ವಾರದ ಕೊನೆಗೆ ಆಕೆ, ಅಷ್ಟರಲ್ಲಿ ತಮ್ಮ ಮಾತಿಗೆ ಕಿವಿ ಪಳಗಿದ್ದ ಮಾಸ್ತರರ ಮೂಲಕ, ನನಗೊಂದು ಸಂಗತಿ ಹೇಳಿದರು. ಗುಡ್ಡದ ಊರಿನಿಂದ ದೊಡ್ಡ ಪಟ್ಟಣದ ಕಾಲೇಜಿಗೆ ಹೋದಾಗ, ಅಲ್ಲಿಯವರು ಆಕೆಯಿಂದ ಒಂದೇ ಮಾತನ್ನು ಹತ್ತು ಸಲ ಆಡಿಸಿ ನಗುತ್ತಿದ್ದರಂತೆ. ನಗುತ್ತಲೇ ಹೇಳಿದರು. ನನಗೆ ನನ್ನದೇ ಪ್ರಸಂಗವೊಂದು ನೆನಪಾಯಿತು. ತಾರುಣ್ಯದಲ್ಲಿ ನಾನು ಮೈಸೂರಿನ ಪಂಡಿತಸಭೆಯೊಂದರಲ್ಲಿ "ಹೌದ್ರಿ" ಎಂದಾಗ ಸಭೆಗೆ ಸಭೆಯೇ ನಕ್ಕಿದ್ದಿತು. ಅಂದೇ ಊರ ಮಾತನ್ನು ತೊರೆದು, ಮನೆಯಲ್ಲಿಯೂ ಗ್ರಂಥದ ಭಾಷೆಯನ್ನೇ ಆಡತೊಡಗಿದ್ದೆನು. "ನೀರು ಬೇಕಾದ್ರ ನೀರು ಅನ್ರಿ. ನೀವು ವಾಕ್ಯ ಮುಗಸೂದ್ರಾಗ ತಂಬಿಗಿ ಆರ್ತೈತಿ" ಎಂದು ನನ್ನ ಹೆಂಡತಿ ಇಂದಿಗೂ ಗೊಣಗುತ್ತಾಳೆ.

ಅಲ್ಲಿಗೆ ನಾನು ನಿಲ್ಲಿಸಬಹುದಾಗಿತ್ತು. ಆಕೆಯ ತರಗತಿಯಿಂದ ಮಕ್ಕಳ ನಗು ಕೇಳಿಬರುತ್ತಿದ್ದುದು ನನಗೆ ಗೊತ್ತಿದ್ದಿತು. ನಮ್ಮ ಶಾಲೆಯ ಇಂಗ್ಲಿಷಿನ ತಾಸಿನಲ್ಲಿ ಅದಕ್ಕೆ ಮೊದಲು ಯಾರೂ ನಕ್ಕಿರಲಿಲ್ಲ. ಆದರೆ ಪರೀಕ್ಷಕನೆನಿಸಿಕೊಂಡ ಮೇಲೆ ದೋಷವನ್ನು ಕಾಣದೆ ಏಳುವುದು ಹೇಗೆ?

೫. ವರದಿಯ ವಾಚನ

ಮೂರು ತಿಂಗಳು ತುಂಬಿದವು. ನಾನು ನಾಲ್ಕು ಪುಟಗಳ ವರದಿ ಬರೆದು ಇಂಗ್ಲಿಷ್ ಮಾಸ್ತರರಿಗೆ ಕೊಟ್ಟೆನು. ಅವರು ಅದನ್ನು ಇಂಗ್ಲಿಷಿಗೆ ತಂದಾಗ ಒಂದೇ ಸಾಲಾಯಿತು: ಕೆಲಸ ತೃಪ್ತಿಕರವಲ್ಲ. ಅಧ್ಯಕ್ಷರು ಸಹಿ ಮಾಡಿ ಅದನ್ನು ಬೆಳಗಿನ ಟಪಾಲಿಗೆ ಹಾಕಿಸಿದರು. ಸಂಜೆ, ಬರಿಯ ರಿವಾಜಿಗಾಗಿ, ಆಕೆಯ ಎದುರಿಗೇ ಮೂಲವರದಿಯ ವಾಚನ ನಡೆಯಿತು. ಆಕೆಗೆ ತಿಳಿಯಲಾರದೆಂಬ ಧೈರ್ಯವೂ ನನಗಿದ್ದಿತು.

"ವಿದ್ಯಾಭಿಮಾನಿಗಳಾದ ಸಭಾಸದರೆ, ಪ್ರಸ್ತುತ ಪರದೇಶೀಯ ಅಧ್ಯಾಪಿಕೆಯ ವಾಗ್ವ್ಯವಹಾರದಲ್ಲಿ ವರ್ಣಶುದ್ಧಿಯ ನ್ಯೂನತೆಯು ಪದೇ ಪದೇ ಪರಿಲಕ್ಷಿತವಾಗುತ್ತಿರುವುದನ್ನು" ಎಂದು ಆರಂಭಿಸಿ ಕಾಲು ತಾಸು ಓದಿದೆನು. ಆಕೆ ಕಿವಿಗೊಟ್ಟು ಕೇಳಿದರು. ಕೊನೆಯ ಪುಟಕ್ಕೆ ಬಂದಾಗ ಬಾಜು ಕುಳಿತ ಇಂಗ್ಲಿಷ್ ಮಾಸ್ತರರ ಕಡೆಗೆ ಬಾಗಿ, ಖಾಲಾಳ ಧ್ವನಿಯನ್ನೇ ಕಡ ತಂದಂತೆ, ಮೆಲ್ಲಗೆ ಕೇಳಿದರು:

"ಸರ್, ಗುರುಗಳು ಇನ್ನೂ ಕನ್ನಡ ಶುರು ಮಾಡಿಲ್ಲೇನ್ರಿ?"

ಮೊದಲು ನಕ್ಕವನು ಬಾಗಿಲಲ್ಲಿದ್ದ ಶಾಲೆಯ ಸಿಪಾಯಿ. ಆಮೇಲೆ ಅಧ್ಯಕ್ಷರು; ಅವರ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತು. "ಖರೇ ಹೇಳ್ತೀನ್ರಿ ಪಂಡಿತರ, ನನಗೂ ಒಂದಕ್ಷರ ತಿಳೀಲಿಲ್ಲ. ನೀವು ಬರದದ್ದಂದ್ರ ಸುಳ್ಳಿರಲಿಕ್ಕಿಲ್ಲಂತ ಸಹಿ ಮಾಡೀನಿ."

ನಗದೆ ಉಳಿದವರು ಇಬ್ಬರು, ಆಕೆ ಮತ್ತು ನಾನು. ಆಕೆ ಗಾಬರಿಯಿಂದ ಎದ್ದು ಕೈಮುಗಿದರು. "ತಪ್ಪ ತಿಳೀಬ್ಯಾಡ್ರಿ ಗುರುಗಳ. ನಾ ಖಾಲಾನ ಹತ್ರ ಕಲ್ತಾಕಿ. ದೊಡ್ಡ ಕನ್ನಡ ನನಗ ಬರೂದಿಲ್ರಿ."

ನಮ್ಮೂರಿನ ಮಾತು ಅಷ್ಟು ಚೊಕ್ಕಟವಾಗಿ ನನ್ನ ಬಾಯಿಂದ ಬಂದು ನಲವತ್ತು ವರ್ಷಗಳಾಗಿದ್ದವು.

ಅಧ್ಯಕ್ಷರು ಕಣ್ಣೊರೆಸಿಕೊಂಡು, "ಇರಲಿ ಬಿಡ್ರಿ ಈಕಿ, ನಮ್ಮಾಕಿನ ಆಗ್ಯಾಳ. ಮುಂಜಾನಿ ಬರದದ್ದು ತಪ್ಪಾತಂತ ಇನ್ನೊಂದು ಪತ್ರ ಬರೀರಿ. ನಾಕ ಸಾಲು ಸಾಕು" ಎಂದರು. ಬರೆಯುವ ಭಾರವನ್ನು ನಾನೇ ಬೇಡಿ ಪಡೆದೆನು. ನನ್ನ ತಪ್ಪಿಗೆ ತಕ್ಕ ಭಾಷೆಯಲ್ಲಿ ಕ್ಷಮೆ ಕೇಳಬೇಕೆಂಬ ಹಟದಿಂದ ಮೊದಲ ವಾಕ್ಯವನ್ನು ಮೂರು ದಿನ ತಿದ್ದಿದೆನು. ಎರಡನೆಯದು ಮೊದಲನೆಯದಕ್ಕೆ ಹೊಂದಲಿಲ್ಲ. ಮಾಸ್ತರರು ದಿನವೂ ಬಂದು, "ಆತೇನ್ರಿ?" ಎನ್ನುತ್ತಿದ್ದರು. ನಾನು "ನಾಳೆ" ಎನ್ನುತ್ತಿದ್ದೆನು. ಹತ್ತನೆಯ ದಿನ, ಆಕೆ ಮರಳತಕ್ಕದ್ದೆಂದು ಸಂಸ್ಥೆಯ ಆಜ್ಞೆ ಬಂದಿತು.

ಸೋಮವಾರ ಆಕೆ ಇದೇ ನಿಲ್ದಾಣದಿಂದ, ಇದೇ ಗಾಡಿಯಲ್ಲಿ ಹೋದರು. ಅಂದು ಗಾಡಿ ಸರಿಯಾದ ವೇಳೆಗೆ ಬಂದಿತಂತೆ. ಬೀಳ್ಕೊಡಲು ಮಕ್ಕಳೂ ಖಾಲಾಳೂ ಅಧ್ಯಕ್ಷರೂ ಬಂದಿದ್ದರು. ನಾನು ಮನೆಯಲ್ಲಿ ಕುಳಿತು ಪತ್ರವನ್ನು ತಿದ್ದುತ್ತಿದ್ದೆನು. ಸಂಸ್ಥೆಯವರು ಆಮೇಲೆ ನಮ್ಮ ಶಾಲೆಗೆ ಯಾರನ್ನೂ ಕಳುಹಿಸಲಿಲ್ಲ.