ಹೊಟ್ಟೆಗೆ ಒಗ್ಗಿದ ಒಂದೇ ಆಕಳು

ನನ್ನ ಹೊಟ್ಟೆಯ ಕಥೆ ಒಂದಕ್ಕೆ ಮುಗಿಯುವಂಥದಲ್ಲ. ಒಂದು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು ಗುಡುಗುಡು ಎನ್ನುತ್ತದೆ.

ಇನ್ನೂ ಮುಂಬೈ ಸರಕಾರವಿದ್ದ ಕಾಲ. ಗಜೇಂದ್ರಗಡ ಬಿಟ್ಟು ನರಗುಂದದ ಕನ್ನಡ ಸಾಲಿಗೆ ಮಾಸ್ತರನಾಗಿ ಹೋದೆ. ಮನೆಯಲ್ಲಿ ಕೆಂಪಿ ಅಂತ ಒಂದು ಜವಾರಿ ಆಕಳಿತ್ತು. ಅವ್ವ ಕೊಡುತ್ತಿದ್ದ ಕೆಂಪಿಯ ಹಾಲು ಕುಡಿದೇ ನಾನು ಬೆಳೆದದ್ದು. ಒಂದು ದಿನವೂ ಹೊಟ್ಟೆ ತಕರಾರು ಮಾಡಿರಲಿಲ್ಲ. ನರಗುಂದದಲ್ಲಿ ಯಾವ ಹಾಲು ಕುಡಿದರೂ ಹೊಟ್ಟೆ ಉಬ್ಬುತ್ತಿತ್ತು, ಮುರಿಯುತ್ತಿತ್ತು, ಕಡೆಗೆ ಓಡಿಸುತ್ತಿತ್ತು. ಹಾಲಿನ ಆಸೆ ಬಿಡಲಿಲ್ಲ, ಊರ ನೆನಪೂ ಬಿಡಲಿಲ್ಲ. ಸಂಜೆಯಾದರೆ ಊರ ದಾರಿಯ ಕಡೆ ಮುಖ ಮಾಡಿ ಕೂಡುತ್ತಿದ್ದೆ. ಅದು ಕೆಂಪಿಗಾಗಿಯೋ ಅವ್ವನಿಗಾಗಿಯೋ ನನಗೇ ಗೊತ್ತಾಗುತ್ತಿರಲಿಲ್ಲ.

ತಂಬಿಗೆ

ನಮ್ಮ ಕಡೆ ನಸುಕಿನಲ್ಲಿ ತಂಬಿಗೆ ಹಿಡಿದು ಹೊರಟವನನ್ನು ಯಾರೂ ಮಾತಾಡಿಸುವುದಿಲ್ಲ. ಬಯಲಕಡೆ ಹೊರಟವನ ಮರ್ಯಾದೆ ಕಾಯುವ ರೀತಿ ಅದು. ನಾನು ತಂಬಿಗೆ ಹಿಡಿದು ಹೋಗುತ್ತಿದ್ದದ್ದು ಗವಳಿಗರ ಮನೆಗೆ, ಕಣ್ಣೆದುರೇ ಹಿಂಡಿಸಿಕೊಂಡು ಅಪ್ಪಟ ಹಾಲು ತರಲಿಕ್ಕೆ. ಆದರೆ ನನ್ನನ್ನು ಕಂಡಕೂಡಲೇ ಇಡೀ ಓಣಿ ಗೋಡೆಯ ಕಡೆ ಮುಖ ತಿರುಗಿಸುತ್ತಿತ್ತು. ಮೊದಲೇ ಪರಊರು. ಯಾರಾದರೂ ‘ಆರಾಮ ಅದೀರೇನ್ರಿ’ ಎಂದರೆ ಸಾಕು ಎಂದು ಜೀವ ಹಪಹಪಿಸುತ್ತಿದ್ದ ದಿನಗಳು.

ಒಂದು ದಿನ ತಡೆಯಲಾರದೆ ನಾನೇ ಕೂಗಿ ಹೇಳಿದೆ: “ನಾ ಹೊಂಟಿದ್ದು ಹಾಲಿಗ್ರೀ!”

ಎಲ್ಲರೂ ನಕ್ಕರು, ಮಾತಾಡಿಸಿದರು. ಅದೇ ಖುಷಿಯಲ್ಲಿ ಹಾಲು ತಂದು, ಕಾಸಿ, ಒಂದು ಹನಿ ಬಿಡದೆ ಕುಡಿದೆ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ತಂಬಿಗೆಗೆ ನೀರು ತುಂಬಿಕೊಂಡು ಬಯಲಕಡೆ ಓಡಬೇಕಾಯಿತು. ಎದುರುಮನೆಯ ಆಯಿ ಕಟ್ಟೆಯ ಮೇಲಿಂದ ಕೂಗಿದಳು:

“ಮಾಸ್ತರ್ರ, ಮತ್ತ ಹಾಲಿಗಿ ಹೊಂಟ್ರೇನು? ನಮಗೂ ಒಂದೀಟ ತರ್ರಿ!”

ಯಾವಗಲ್ಲಿನ ಬಿಳಿ ಆಕಳು

ಆಮೇಲೆ ಊರಿಗೆ ಊರೇ ನನ್ನ ಹೊಟ್ಟೆಯ ಉಸಾಬರಿಗೆ ನಿಂತಿತು. ಕರಿ ಆಕಳ ಹಾಲು ತಂಪು ಎಂದರು, ಕುಡಿದೆ, ಓಡಿದೆ. ಕಂದು ಆಕಳದು ಹಗುರ ಎಂದರು, ಕುಡಿದೆ, ಇನ್ನೂ ಜೋರಾಗಿ ಓಡಿದೆ. ಎಮ್ಮೆಯ ವಿಷಯ ಕೇಳಲೇಬೇಡಿ.

ನಮ್ಮ ಸಾಲಿಯ ಇನ್ನೊಬ್ಬ ಮಾಸ್ತರರು ಯಾವಗಲ್ ಎಂಬ ಹಳ್ಳಿಯವರು. “ನಮ್ಮ ಬಿಳಿ ಆಕಳ ಹಾಲ ಕುಡದ ನೋಡ್ರಿ, ಅಮೃತ ಐತಿ” ಎಂದು ಮುಂಜಾನೆ ಹಿಂಡಿದ ಹಾಲನ್ನು ಡಬ್ಬಿಯಲ್ಲಿ ತುಂಬಿ ಬಸ್ಸಿನಲ್ಲಿ ತಂದರು. ಬೇಸಿಗೆಯ ಬಿಸಿಲು. ಬಸ್ಸು ನಡುದಾರಿಯಲ್ಲಿ ಕೆಟ್ಟು ಮಧ್ಯಾಹ್ನದವರೆಗೆ ನಿಂತಿತ್ತು. ಆಮೇಲೆ ಎರೆಹೊಲದ ನಡುವಿನ ಆ ಕೊರಕಲು ರಸ್ತೆ. ಡಬ್ಬಿ ತೆರೆದರೆ ಮೇಲೆ ಬೆಣ್ಣೆ ತೇಲುತ್ತಿತ್ತು, ಕೆಳಗೆ ಹುಳಿ ಮಜ್ಜಿಗೆ. ದೂರದಿಂದ ಹೊತ್ತು ತಂದವರ ಮನಸ್ಸು ನೋಯಿಸಬಾರದೆಂದು ಕುಡಿದೆ. ಹೊಟ್ಟೆ ಗಪ್ಪಾಗಿ ಕೂತಿತು!

“ನೋಡ್ರಿ ನಮ್ಮ ಆಕಳ ಗುಣಾ!” ಎಂದು ಅವರು ಎದೆ ಉಬ್ಬಿಸಿದರು.

“ಆಕಳ ಗುಣ ಅಲ್ರೀ ಸರ, ನಿಮ್ಮ ಊರ ರಸ್ತಾದ ಗುಣಾ” ಎಂದೆ.

ಬದಲಿ

ಮಜ್ಜಿಗೆಯಿಂದ ಹೊಟ್ಟೆ ತಣಿಯಿತು, ಮನಸ್ಸು ತಣಿಯಲಿಲ್ಲ. ಇನ್ನು ಊರಿಗೆ ಹೋಗದೆ ಗತಿಯಿಲ್ಲ ಎನಿಸಿ, ಗಜೇಂದ್ರಗಡಕ್ಕೆ ಬದಲಿ ಮಾಡಿಸಿಕೊಳ್ಳಲು ರೋಣದ ಶಿಕ್ಷಣ ಕಚೇರಿಗೆ ಹೋದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

“ತಂದಿ-ತಾಯಿಗಿ ಜಡ್ಡೇನು?”

“ಇಲ್ರಿ, ಗಟ್ಟಿ ಅದಾರ್ರಿ.”

“ಮತ್ತ ಯಾಕ ಬದಲಿ?”

ನಾನು ತಲೆ ತಗ್ಗಿಸಿದೆ. “ಕೆಂಪಿನ ಬಿಟ್ಟ ಇರಾಕ ಆಗವಲ್ದರಿ. ಆಕಿ ನೆನಪಾದ್ರ ಊಟ ಸೇರೂದಿಲ್ರಿ.”

ಸಾಹೇಬರ ಮುಖ ಮೆತ್ತಗಾಯಿತು. “ಇದರಾಗ ನಾಚಿಕಿ ಏನೈತಿ ತಮ್ಮಾ? ಲಗೂನ ಲಗ್ನ ಮಾಡಿಕೊಂಡ ನರಗುಂದಕ್ಕ ಕರಕೊಂಡ ಬಂದಬಿಡು.”

“ಆಕಿಗಿ ನಾಕ ಕಾಲ ಅದಾವ್ರಿ, ಸಾಹೇಬ್ರ.”

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೇಸಿಗೆ ರಜೆ ಮುಗಿಯುವುದರೊಳಗೆ ಬದಲಿಯ ಹುಕುಂ ಬಂತು.

ಗೂಟ

ಗಜೇಂದ್ರಗಡದಲ್ಲಿ ಬಸ್ಸಿಳಿದವನು ಒಳಗೆ ಅವ್ವನ ಮುಖವನ್ನೂ ನೋಡದೆ ನೇರ ಹಿತ್ತಲಿನ ದನದ ಕೊಟ್ಟಿಗೆಗೆ ನಡೆದೆ. ಕೆಂಪಿಯ ಗೂಟ ಖಾಲಿ. ಪಕ್ಕದಲ್ಲಿ ಹೊಸ ಎಮ್ಮೆಯೊಂದು ಮೆಲುಕು ಹಾಕುತ್ತ ನನ್ನನ್ನು ನೋಡಿತು.

“ಅವ್ವಾ, ಕೆಂಪಿ?”

“ನಿನ್ನ ತಂಗಿ ಬಾಣಂತನ ಮುಗಿಸಿ ಗಂಡನ ಮನಿಗಿ ಹೊಂಟಳಪಾ. ಕೂಸಿನ ಹಾಲಿಗಿ ಇರ್ಲಿ ಅಂತ ಬಳುವಳಿ ಕೊಟ್ಟ ಕಳಿಸಿದ್ವಿ.”

ತಂಗಿಯ ಗಂಡನ ಮನೆ ಚಿಕ್ಕನರಗುಂದ. ನಾನು ಬಿಟ್ಟು ಬಂದ ನರಗುಂದದ ಮಗ್ಗುಲಿಗೆ! ಸಾಹೇಬರ ಮುಂದೆ ಮಾನ ಬಿಟ್ಟು ಬದಲಿ ಮಾಡಿಸಿಕೊಂಡು ನಾನು ಈ ಕಡೆ, ಕೆಂಪಿ ಆ ಕಡೆ. ಮೀಸೆ ಬಂದ ಮಾಸ್ತರ ನಾನು, ಗೂಟ ಹಿಡಿದು ಕೂತು ಅತ್ತೇಬಿಟ್ಟೆ.

ಅವ್ವ ಒಳಗೆ ಹೋಗಿ ವಾಟಗದಲ್ಲಿ ಹಾಲು ತಂದಳು. ಎಮ್ಮೆಯದು. ಬೇಡವೆನ್ನಲು ಬಾಯಿ ಬರಲಿಲ್ಲ. ಕುಡಿದೆ, ತಂಬಿಗೆ ಎಲ್ಲಿದೆಯೆಂದು ನೋಡಿಟ್ಟುಕೊಂಡು ಕಾದೆ. ಸಂಜೆಯಾಯಿತು, ಊಟವಾಯಿತು. ಹೊಟ್ಟೆ ಕಮಕ್ ಕಿಮಕ್ ಎನ್ನಲಿಲ್ಲ. ರುಚಿಯೂ ಅದೇ, ಕೆಂಪಿಯದೇ!

“ಏನ ಮಾಡಿದಿ ಅವ್ವಾ ಇದಕ್ಕ?”

“ಏನ ಮಾಡೂದೋ? ಯಾವಾಗಿನಂಗ ಮುಕ್ಕಾಲ ನೀರ ಬೆರಸೇನಿ.”

“ಯಾವಾಗಿನಂಗ?”

“ಮತ್ತ? ಕೆಂಪಿ ಕೊಡ್ತಿದ್ದದ್ದು ಒಂದ ಚರಿಗಿ. ನೀವು ಮಕ್ಕಳು ಮನಿ ತುಂಬ. ಎಲ್ಲಾರ ವಾಟಗಾನೂ ತುಂಬಬೇಕಲ್ಲೋ?”

ನನಗೆ ನಗು ಬಂತು, ಅಳುವೂ ಬಂತು. ಅವ್ವ ತಾನು ಕುಡಿಯುವ ವಾಟಗದಲ್ಲಿ ಹಾಲು ಇದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ ಅಂದಳು:

“ಅಳಬ್ಯಾಡೋ ಹುಚ್ಚಪ್ಪಾ. ಆಕಳ ಹೋದ್ರ ಹೋತು, ಬಾವಿ ನಮ್ಮ ಹಿತ್ತಲದಾಗ ಐತಲ್ಲ!”