ಕಾಶ್ಯಪ ಗೋತ್ರದ ಚೀನಾ ಗುರುಗಳು

ನಮ್ಮ ಸೋದರಮಾವನಿಗೆ ಚೀನಾದಲ್ಲಿ ಒಬ್ಬ ಗುರುಗಳಿದ್ದಾರೆ. ಅವರು ತೀರಿಕೊಂಡು ಎಂಟುನೂರು ವರ್ಷವಾಯಿತು ಎನ್ನುವುದು ಮಾವನ ಮಟ್ಟಿಗೆ ದೊಡ್ಡ ಅಡ್ಡಿಯೇನಲ್ಲ. ಅವರ ಭಾಷೆ ಇವರಿಗೆ ಬರುವುದಿಲ್ಲ, ಇವರ ಮಾತು ಅವರಿಗೆ ಕೇಳಿಸುವುದಿಲ್ಲ. ಗುರುಶಿಷ್ಯರ ನಡುವೆ ಇಷ್ಟು ವರ್ಷ ಒಂದು ಭಿನ್ನಾಭಿಪ್ರಾಯವೂ ಬಾರದಿರಲು ಇನ್ನೇನು ಬೇಕು?

ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮಾವ ಗೆಳೆಯರ ಗುಂಪಿನೊಂದಿಗೆ ಚೀನಾ ಪ್ರವಾಸಕ್ಕೆ ಹೋದರು. ಉಳಿದವರು ಮಹಾಗೋಡೆ ನೋಡಲು ಹೊರಟ ದಿನ ಮಾವನ ಹೊಟ್ಟೆ ಕೆಟ್ಟಿತ್ತು. ಬೀಜಿಂಗಿನಲ್ಲೇ ಉಳಿದು, ಮಧ್ಯಾಹ್ನ ಸುಮ್ಮನೆ ಅಡ್ಡಾಡುತ್ತಾ ಒಂದು ದೇವಸ್ಥಾನ ಹೊಕ್ಕರು. ಅದು ತಾವೋ ಪಂಥದ ಹಳೆಯ ಮಠ. ನೆತ್ತಿಯ ಮೇಲೆ ಜುಟ್ಟು ಕಟ್ಟಿದ ಸಂನ್ಯಾಸಿಗಳು. ಪರಂಪರೆ ಕಟ್ಟಿದ ಗುರುಗಳ ಸಮಾಧಿಯ ಮೇಲೆಯೇ ಗುಡಿ. "ಥೇಟ್ ನಮ್ಮ ಬೃಂದಾವನ ಕಣೋ" ಎಂದು ಮಾವ ಈಗಲೂ ಕೈ ಮುಗಿದು ಹೇಳುತ್ತಾರೆ. ಅಲ್ಲಿ ಇಂಗ್ಲಿಷ್ ಬಲ್ಲವರೊಬ್ಬರು ಇವರ ಕಿವಿಗೆ ಒಂದು ನಂಬಿಕೆ ಹಾಕಿದರು. ಹುಟ್ಟುಹಬ್ಬದ ಹೊತ್ತಿಗೆ ಗುರುಗಳು ವೇಷ ಮರೆಸಿಕೊಂಡು ಬರುತ್ತಾರಂತೆ, ಭಿಕ್ಷುಕನಾಗಿಯೋ ಅಧಿಕಾರಿಯಾಗಿಯೋ ಹೆಂಗಸಾಗಿಯೋ. ಅವರನ್ನು ಕಂಡವರ ಕಾಯಿಲೆ ವಾಸಿಯಾಗುತ್ತದಂತೆ.

ಈ ಕತೆಯನ್ನು ಮಾವ ಮರೆತೇಬಿಡುತ್ತಿದ್ದರೇನೋ. ಆದರೆ ಅವರು ಊರಿಗೆ ಮರಳಿದ ಮೂರನೇ ತಿಂಗಳಿಗೆ ನಮ್ಮತ್ತೆಯ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದು ಡಯಾಲಿಸಿಸ್, ಆಮೇಲೆ ನಮ್ಮ ಮನೆಯಲ್ಲಿ ಊಟ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳೆದುಕೊಟ್ಟ ನೀರು. ಮಾವನಿಗೆ ಗುರುಗಳ ನೆನಪಾದದ್ದು ಆಗ.

ಗುರುಗಳ ಹುಟ್ಟಿದ ದಿನ ಚೀನೀಯರ ಮೊದಲ ತಿಂಗಳ ಹತ್ತೊಂಬತ್ತನೆಯ ದಿನವಂತೆ. ಮಾವ ಪಂಚಾಂಗ ಹಿಡಿದು ಕೂತರು. ಹುಣ್ಣಿಮೆ ಕಳೆದು ನಾಲ್ಕನೆಯ ದಿನ, ಅಂದರೆ ಮಾಘದ ಸಂಕಷ್ಟಿ! ಗಣಪತಿಯೇ ಸಹಿ ಹಾಕಿದ ಮೇಲೆ ಕೇಳುವುದೇನಿದೆ? ಮನೆಯಲ್ಲಿ ಪೂಜೆ ಇಟ್ಟುಕೊಂಡರು. ಸಂಕಲ್ಪಕ್ಕೆ ಕೂತ ಭಟ್ಟರು ಗುರುಗಳ ಗೋತ್ರ ಕೇಳಿದರು. ಮಾವ ತಲೆ ಕೆರೆದುಕೊಂಡರು. "ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ, ಮುಂದುವರೀಲಾ?" ಎಂದರು ಭಟ್ಟರು. ಮಾವನದೂ ಅದೇ ಗೋತ್ರ. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಸಗೋತ್ರ ಆಯ್ತಲ್ಲ. ಇನ್ನು ಆ ಮಠದ ಜೊತೆ ಹೆಣ್ಣು ಕೊಟ್ಟು ತರೋ ಹಾಗಿಲ್ಲ ಬಿಡಿ."

ಅಂದಿನಿಂದ ಪ್ರತಿ ವರ್ಷ ಆ ದಿನ ಗೇಟಿಗೆ ಬಂದವರೆಲ್ಲ ಗುರುಗಳೇ. ಗ್ಯಾಸ್ ಸಿಲಿಂಡರ್ ತಂದವನನ್ನು ಮಾವ ಕುರ್ಚಿಯಲ್ಲಿ ಕೂರಿಸಿ, ಅತ್ತೆಯ ಕೈಯಿಂದಲೇ ಕಾಫಿ ಕೊಡಿಸಿ, ಮೆಲ್ಲಗೆ ಕೇಳಿದರು: "ತಾವು ಯಾವ ಕಡೆಯೋರು?"

"ಹೊಳೆಹೊನ್ನೂರು ಸಾ."

ಮಾವ ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಹಾಗೇ ಹೇಳೋದು ಅವ್ರು."

ಒಂದು ವರ್ಷ ಪಕ್ಕದ ಮನೆಯವರು ಬಂದರು. ನುಗ್ಗೆಮರದ ಕೊಂಬೆಯೊಂದು ಕಾಂಪೌಂಡು ದಾಟಿದ ವಿಷಯಕ್ಕೆ ಎರಡು ಮನೆಗೂ ಮಾತು ನಿಂತು ಆರು ವರ್ಷವಾಗಿತ್ತು. ಅವರು ಬಂದದ್ದೂ ಬೈಯುವುದಕ್ಕೇ. ಗುರುಗಳು ಈ ರೂಪದಲ್ಲಿ ಬಂದಿದ್ದರೆ ಏನು ಗತಿ? ಮಾವ ಹಲ್ಲು ಕಚ್ಚಿಕೊಂಡು ಕಾಲಿಗೆ ನೀರು ಕೊಟ್ಟರು. ಆತ ಬೈಗುಳ ಮರೆತು, ಎರಡು ಕಡುಬು ತಿಂದು ಹೋದರು. "ಕಾಯಿಲೆ ಇರ್ಲಿ, ಒಂದು ಜಗಳ ವಾಸಿಯಾಯ್ತು" ಎಂದರು ಅತ್ತೆ.

ಗಡ್ಡ ಅಂಟಿಸಿಕೊಂಡು ನಾನೇ ಬರಲೇ ಎಂದು ಒಮ್ಮೆ ಮಾವನನ್ನು ಕೆಣಕಿದೆ. "ನೀನು ಬಂದ್ರೆ ತಕ್ಷಣ ಗೊತ್ತಾಗುತ್ತೆ ಮಾರಾಯ. ಎರಡನೇ ಲೋಟ ಕಾಫಿ ಕೇಳ್ತೀಯ" ಎಂದರು.

ಓದಿಕೊಂಡ ಅತ್ತೆ ಈ ಹುಚ್ಚಾಟಕ್ಕೆ ಯಾಕೆ ಒಪ್ಪಿದ್ದರು? ಡಯಾಲಿಸಿಸ್ ಮುಗಿಸಿ ನಮ್ಮ ಮನೆಯಲ್ಲಿ ಮಲಗಿದ್ದಾಗ ಕೇಳಿದೆ. "ಆಸ್ಪತ್ರೇಲಿ ನಾನು ರೋಗಿ ಕಣೋ. ಆ ಒಂದು ದಿನ ಬಂದೋರಿಗೆಲ್ಲ ಬಡಿಸೋ ಮನೆಯೊಡತಿ" ಎಂದರು. ತಾವು ಒಂದು ಗುಟುಕೂ ಕುಡಿಯುವಂತಿಲ್ಲದ ಕಾಫಿಯನ್ನು ಅವರು ನೊರೆ ಬರುವ ಹಾಗೆ ಎತ್ತಿ ಎತ್ತಿ ಆರಿಸಿ ಕೊಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಗುರುಗಳು ಬರಲಿಲ್ಲ, ಅಥವಾ ಬಂದದ್ದು ನಮಗೆ ಗೊತ್ತಾಗಲಿಲ್ಲ. ಹೋದ ಆಷಾಢದಲ್ಲಿ ಅತ್ತೆ ತೀರಿಕೊಂಡರು.

ಈ ವರ್ಷ ಮಾಘದ ಸಂಕಷ್ಟಿಯ ಬೆಳಿಗ್ಗೆ ಮನಸ್ಸು ತಡೆಯದೆ ಭದ್ರಾವತಿಗೆ ಹೋದೆ. ಮಾವ ಒಬ್ಬರೇ ಕೂತು ಮಂಕಾಗಿರುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ವರಾಂಡ ಗುಡಿಸಿ, ಕುರ್ಚಿ ಹಾಕಿ, ಫಿಲ್ಟರಿಗೆ ಡಿಕಾಕ್ಷನ್ ಇಳಿಯಲು ಬಿಟ್ಟು, ಮಡಿಪಂಚೆ ಉಟ್ಟು ಗೇಟನ್ನೇ ನೋಡುತ್ತಿದ್ದರು. ನನಗೆ ಸಿಟ್ಟು ಬಂತು, ಅಳುವೂ ಬಂತು.

"ಮಾವ, ಇನ್ನೂ ಯಾಕಿದು? ವಾಸಿ ಆಗ್ಬೇಕಾಗಿದ್ದೋರೇ ಇಲ್ವಲ್ಲ."

ಮಾವ ನನ್ನ ಕಡೆ ತಿರುಗಲಿಲ್ಲ.

"ಸತ್ತೋರು ವೇಷ ಮರೆಸ್ಕೊಂಡು ಬರ್ತಾರೆ ಅಂದಿದ್ರು ಆ ಮಠದಲ್ಲಿ. ಗುರುಗಳೊಬ್ರೇ ಬರೋದು ಅಂತ ನಾನು ತಿಳ್ಕೊಂಡಿದ್ದೆ, ಅಷ್ಟೇ. ನಿಮ್ಮತ್ತೆ ಬಂದ್ರೆ ಒಂದು ಲೋಟ ಕಾಫಿ ಕೊಡೋಕೆ ಮನೇಲಿ ಯಾರಾದ್ರೂ ಇರ್ಬೇಕಲ್ಲ ಮಾರಾಯ. ಅವಳಿಗೀಗ ಅಳತೆ ಗಿಳತೆ ಏನೂ ಇಲ್ಲ."

ನಾನೂ ಪಕ್ಕದಲ್ಲಿ ಕೂತೆ. ಹತ್ತೂವರೆಯ ಹೊತ್ತಿಗೆ ಗೇಟಿನ ಚಿಲಕದ ಸದ್ದಾಯಿತು. ಮಾವನಿಗಿಂತ ಮೊದಲು ನಾನೇ ಎದ್ದು ನಿಂತಿದ್ದೆ.