ಹಸಿರು ಕೋಟೆಯ ಹುಡುಕಾಟಕ್ಕೆ ಬೀಗ ಜಡಿದ ಮಹನೀಯರಿಗೆ

ಮರೆತುಹೋದ ಹಳೆಯ ಕಂಪ್ಯೂಟರ್ ಆಟಗಳ ಹೆಸರನ್ನು ಬರೀ ಸುಳಿವುಗಳಿಂದ ಪತ್ತೆಹಚ್ಚುವ ಅಂತರ್ಜಾಲ ಬಳಗದ ಮುಖ್ಯಸ್ಥರೂ, ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವ ಪ್ರಚಂಡರೂ ಆದ ಮಾನ್ಯರೇ,

ತಮ್ಮ ಬೆರಳುಗಳು ಕ್ಷೇಮವೆಂದು ನಂಬಿದ್ದೇನೆ. ಕಣ್ಣುಗಳ ಕ್ಷೇಮ ವಿಚಾರಿಸುವುದಿಲ್ಲ; ತಮ್ಮ ಕೆಲಸದಲ್ಲಿ ಅವುಗಳ ಬಳಕೆ ಅಷ್ಟಾಗಿ ಇಲ್ಲವೆಂಬುದು ಬಳಗಕ್ಕೆಲ್ಲ ತಿಳಿದದ್ದೇ.

ತಮ್ಮ ಸನ್ನಿಧಿಗೆ ನಾನು ತಂದ ಅಹವಾಲು ಸಣ್ಣದು. ನಮ್ಮಕ್ಕ ಕಂಪ್ಯೂಟರ್ ತರಬೇತಿಗೆ ಹೋಗುತ್ತಿದ್ದ ಕಾಲದಲ್ಲಿ, ತರಗತಿ ಮುಗಿದ ಮೇಲೆ ನಾವಿಬ್ಬರೂ ಒಂದೇ ಕುರ್ಚಿಯನ್ನು ಅರ್ಧರ್ಧ ಹಂಚಿಕೊಂಡು, ಆಕೆ ಸೈನ್ಯ ನಡೆಸುತ್ತ, ನಾನು ಧಾನ್ಯ ಹಂಚುತ್ತ, ಒಂದು ಕೋಟೆಗೆ ಮುತ್ತಿಗೆ ಹಾಕಿದ್ದೆವು. ಇನ್ನೇನು ಗೆದ್ದೆವು ಎನ್ನುವಾಗ ಮೇಷ್ಟ್ರು ಬಂದು, "ಮನೆ ಮಠ ಇಲ್ವೇನ್ರೋ ನಿಮಗೆ?" ಎಂದು ಸ್ವಿಚ್ ಆರಿಸಿದರು. ಮರುದಿನ ಹೋದರೆ ಆ ಹಳೆಯ ಯಂತ್ರವನ್ನೇ ಎತ್ತಿಬಿಟ್ಟಿದ್ದರು. ಈಗ ಅಕ್ಕ ದೂರದಲ್ಲಿರುವ ಮಗಳ ಮನೆಗೆ ವಾಸ ಬದಲಿಸುತ್ತಿದ್ದಾಳೆ. ಪಾತ್ರೆಗಳಿಗೆ ಹಳೆಯ ಪೇಪರ್ ಸುತ್ತುತ್ತ, "ಲೋ, ಆ ಕೋಟೆ ಹಾಗೇ ಉಳಿದುಬಿಡ್ತಲ್ಲೋ. ನಾನು ಹೊರಡೋದ್ರೊಳಗೆ ಹುಡುಕು ನೋಡೋಣ" ಎಂದಳು.

ಹಾಗಾಗಿ ತಮಗೆ ಸುಳಿವು ಕೊಟ್ಟೆ. ರಾಜ, ನದಿ, ನೆತ್ತರು ಎಲ್ಲವೂ ಹಸಿರು. ಧಾನ್ಯ ಮುಗಿದರೆ ಸೈನಿಕರು ಮುನಿಸಿಕೊಂಡು ಮನೆಗೆ ಹೋಗುತ್ತಾರೆ. ಮುಖ್ಯವಾಗಿ, ವೈರಿ ಯಾವ ದಿಕ್ಕಿನಿಂದ ಬಂದರೂ ಕೋಟೆಯ ಕಾವಲುಗಾರ 'ಪೂರ್ವದ ಬಾಗಿಲು!' ಎಂದೇ ಕೂಗುತ್ತಾನೆ.

ತಾವು 'ಹಸಿರು' ಎಂಬ ಒಂದು ಪದದಲ್ಲೇ ತೃಪ್ತರಾಗಿ, ಎಲ್ಲರಿಗೂ ಕೊಡುವ ಆ ಕಾಡಿನ ಸಾಮ್ರಾಜ್ಯದ ಆಟವನ್ನೇ ನನಗೂ ದಯಪಾಲಿಸಿದಿರಿ. ಹಡಗಿನ ಆಟ ಹುಡುಕಿಕೊಂಡು ಬಂದ ನಿವೃತ್ತ ಪೋಸ್ಟ್‌ಮಾಸ್ಟರಿಗೂ, ಚಂದ್ರನ ಮೇಲೆ ಗಣಿ ತೋಡುವ ಆಟ ಕೇಳಿದ ದಂತವೈದ್ಯೆಗೂ ಅದೇ ಕಾಡನ್ನು ಕೊಟ್ಟ ಕೈ ತಮ್ಮದು. ಇಂಥ ಸಮದೃಷ್ಟಿ ಎಲ್ಲಿ ಸಿಕ್ಕೀತು? ಕೂಡಲೇ 'ಪತ್ತೆಯಾಗಿದೆ' ಎಂಬ ಮೊಹರನ್ನೂ ಒತ್ತಿದಿರಿ. ಮೊಹರು ಬಿದ್ದ ಪ್ರಶ್ನೆಯ ಕೆಳಗೆ ಬೇರಾರೂ ಬಾಯಿ ಬಿಡುವಂತಿಲ್ಲ ಎಂಬುದು ಬಳಗದ ನಿಯಮ. ಬೇಗ ಉತ್ತರ, ಮೇಲೆ ಬೀಗ ಭದ್ರ! ತಮ್ಮ ಕೀರ್ತಿಗಾಗಿ ಹೊಸೆದ ಎರಡು ಸಾಲು ಸ್ವೀಕರಿಸಬೇಕು:

ಸುಳಿವು ಕೊಟ್ಟರೆ ಓದಲಾರೆ, ಉತ್ತರಿಸದೆ ಇರಲಾರೆ;
ತಪ್ಪು ಎಂದರೆ ಒಪ್ಪಲಾರೆ, ಬೀಗ ಜಡಿಯದೆ ಹೋಗಲಾರೆ.

ತಾವು ಕಳಿಸಿದ ಕಾಡಿನ ಚಿತ್ರ ನೋಡಿ ಅಕ್ಕ ನಕ್ಕ ರಭಸಕ್ಕೆ ಕೈಯಲ್ಲಿದ್ದ ಲೋಟ ಬಿತ್ತು. "ಅಯ್ಯೋ ಮಂಕೇ! ಹಸಿರಾಗಿದ್ದದ್ದು ಆಟ ಅಲ್ವೋ, ಆ ಪರದೆ! ಅದರಲ್ಲಿ ನನ್ನ ಅಂಕಪಟ್ಟಿನೂ ಹಸಿರಾಗೇ ಕಾಣ್ತಿತ್ತು." ಒಂದೇ ಬಣ್ಣ ತೋರಿಸುವ ಹಳೆಯ ಕಂಪ್ಯೂಟರ್ ಪರದೆಯ ಗುಣವನ್ನು ನಾನು ಇಷ್ಟು ವರ್ಷ ಒಂದು ರಾಜ್ಯದ ಗುಣವೆಂದು ತಿಳಿದಿದ್ದೆ. ಮಂಕೆಂಬ ಬಿರುದನ್ನು ತಲೆಬಾಗಿ ಪಡೆದು, ತಿದ್ದಿದ ಸುಳಿವನ್ನು ತಮಗೆ ಕಳಿಸಿದೆ. 'ಪತ್ತೆಯಾದದ್ದನ್ನು ಮತ್ತೆ ಕೇಳತಕ್ಕದ್ದಲ್ಲ' ಎಂದು ತಾವು ಅದನ್ನೂ ಅಳಿಸಿದಿರಿ.

ಇಷ್ಟು ಮಾಡಿದ ಮೇಲೆ ಇನ್ನೂ ಸ್ವಲ್ಪ ಮಾಡಿ, ಮಾನ್ಯರೇ. ನಾವು ಆಡಿದ್ದು ಕಾಡಿನಾಟವೇ ಎಂದು ನಮ್ಮಿಬ್ಬರ ನೆನಪಿಗೂ ಒಂದೊಂದು ಮೊಹರು ಒತ್ತಿ ಕಳಿಸಿಕೊಡಿ. ಆ ದಿನಕ್ಕೆ ಹಿಂತಿರುಗಿ ಮೇಷ್ಟ್ರ ಕೈ ಹಿಡಿದು, ಸ್ವಿಚ್ಚಿಗೂ ತಮ್ಮ ಬೀಗವನ್ನೇ ಹಾಕಿ. ಅದೂ ಕಷ್ಟವಾದರೆ ಅಕ್ಕನ ಸಾಮಾನು ಸಾಗಿಸಲು ಬರುವ ಲಾರಿಗೆ 'ತಲುಪಿದೆ' ಎಂದು ಇಲ್ಲೇ ಮೊಹರು ಒತ್ತಿಬಿಡಿ. ತಮ್ಮ ನಿಯಮದಂತೆ ಅದು ಬೀದಿ ದಾಟುವ ಅಗತ್ಯವೇ ಇರುವುದಿಲ್ಲ.

ಬೀಗದ ಹೊರಗೆ ನಿಂತಿರುವ,
ತಮ್ಮ ವಿಶ್ವಾಸಿ,
ಧಾನ್ಯಾಧಿಕಾರಿ (ಅಕ್ಕನ ಸೈನ್ಯ)

ತಾಜಾ ಕಲಂ: ಇದನ್ನು ಪ್ರಕಟಣೆಗೆ ಕಳಿಸುವಷ್ಟರಲ್ಲಿ, ತಮ್ಮ ಬೀಗದಿಂದಾಗಿ ಬಾಯಿ ಕಟ್ಟಿ ಕೂತಿದ್ದ ಸದಸ್ಯೆಯೊಬ್ಬರು ಆಟದ ಹೆಸರನ್ನು ನನಗೆ ಖಾಸಗಿಯಾಗಿ ತಿಳಿಸಿದರು. ಆ ಆಟವನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಕಟ್ಟಿಟ್ಟ ಪೆಟ್ಟಿಗೆಗಳ ಮೇಲೆ ಕೂತು ಅಕ್ಕನೂ ನಾನೂ ಕೋಟೆ ಗೆದ್ದೆವು. ಹೆಸರು ತಮಗೆ ಹೇಳುವುದಿಲ್ಲ, ತಾವೇ ಊಹಿಸಬೇಕು. ಸುಳಿವು ಒಂದೇ: ನಾವು ಪಶ್ಚಿಮದಿಂದ ನುಗ್ಗಿದಾಗಲೂ ಪೂರ್ವಕ್ಕೇ ಮುಖಮಾಡಿ ಕೂಗುತ್ತಿದ್ದ ಆ ಕಾವಲುಗಾರನಿಗೆ ಅಕ್ಕ, ಮಾನ್ಯರೇ, ತಮ್ಮದೇ ಹೆಸರಿಟ್ಟಿದ್ದಾಳೆ. ಮೊದಲು ಬಿದ್ದವನು ಅವನೇ.